ಕ್ರಿಸ್ಮಸ್ ಊಟಕ್ಕೆ ಯಾವ ರೋಸ್ಟ್? ಬೀಫ್ ರಿಬ್, ಲ್ಯಾಂಬ್ ಲೆಗ್, ಪೋರ್ಕ್ ಶೋಲ್ಡರ್: ಮೂರನ್ನೂ ಮಾಡಿ ನೋಡಿದ ಮೇಲೆ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಮೊದಲ ಕೆಲವು ವರ್ಷ ಕ್ರಿಸ್ಮಸ್‌ಗೆ ನಮ್ಮನೇಲಿ ಮಂಗಳೂರಿನ ಅಡುಗೆಯೇ ಆಗುತ್ತಿತ್ತು. ಬಫಾತ್ ಅನ್ನುವ ಮಸಾಲೆ ಪುಡಿ ಹಾಕಿದ ಹಂದಿ ಮಾಂಸ, ಇಡ್ಲಿಯ ಹಾಗಿರುವ ಸನ್ನ, ಅತ್ತೆ ಊರಿಂದ ಕಳಿಸಿದ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಒಂದು ದಿನ ಕೇಳಿದಳು, "ಅಮ್ಮಾ, ನಮ್ಮನೇಲಿ ಯಾಕೆ ರೋಸ್ಟ್ ಮಾಡಲ್ಲ?" ಅವಳ ಗೆಳತಿಯರ ಮನೆಯಲ್ಲೆಲ್ಲ ಓವನ್‌ನಲ್ಲಿ ಇಡಿಯಾಗಿ ಬೇಯಿಸಿದ ಮಾಂಸವೇ ಹಬ್ಬದೂಟ. ಸರಿ, ಮಾಡೋಣ ಅಂತ ಹೊರಟೆ. ಮೂರು ಕ್ರಿಸ್ಮಸ್‌ಗೆ ಮೂರು ಬೇರೆ ಬೇರೆ ಜಾಯಿಂಟ್, ಅಂದರೆ ರೋಸ್ಟ್‌ಗೆ ಅಂತ ಕೊಯ್ದ ದೊಡ್ಡ ಮಾಂಸದ ತುಂಡು, ಮಾಡಿದೆ.

ಟರ್ಕಿ ಕೋಳಿಯ ವಿಷಯ ಇಲ್ಲಿ ಎತ್ತುವುದಿಲ್ಲ. ಒಂದು ಸಲ ಮಾಡಿದೆ, ತೊಡೆ ಬೇಯುವಷ್ಟರಲ್ಲಿ ಎದೆ ಭಾಗ ಒಣಗಿತ್ತು, ಅಲ್ಲಿಗೆ ಬಿಟ್ಟೆ.

ನಮ್ಮನೇಲಿ ಆ ದಿನ ಊಟಕ್ಕೆ ಒಂಬತ್ತು ಜನ. ಚಳಿಗಾಲದಲ್ಲಿ ನಮ್ಮ ಜೊತೆ ಇರಲು ಬರುವ ಅತ್ತೆಗೆ ಮಾಂಸ ಪೂರ್ತಿ ಬೆಂದಿರಬೇಕು. ನಮ್ಮ ಮನೆಯವರಿಗೆ ಒಳಗೆ ಸ್ವಲ್ಪ ಕೆಂಪಗಿದ್ದರೇ ಇಷ್ಟ. ಮಕ್ಕಳಿಗೆ ಮೆತ್ತಗಿದ್ದರೆ ಸಾಕು. ಮೈದುನನ ಮನೆಯವರು ಮ್ಯಾಂಚೆಸ್ಟರ್‌ನಿಂದ ಬರಬೇಕು, ಅವರು ಯಾವಾಗ ಬಂದು ಮುಟ್ಟುತ್ತಾರೆ ಅಂತ ಹೇಳೋಕಾಗಲ್ಲ. ಇರುವುದು ಒಂದೇ ಓವನ್. ಇದನ್ನೆಲ್ಲ ಮೊದಲೇ ಹೇಳಲು ಕಾರಣ ಇದೆ. ಯಾವ ಮಾಂಸ ಅಂತ ತೀರ್ಮಾನ ಆಗುವುದು ರುಚಿಯಿಂದ ಮಾತ್ರ ಅಲ್ಲ, ಊಟಕ್ಕೆ ಕೂರುವವರಿಂದ ಅಂತ ನನಗೆ ಮೂರನೇ ವರ್ಷ ಗೊತ್ತಾಯಿತು.

ಮಾಂಸ ತಂದದ್ದು ಮೂರು ಸಲವೂ ಲೀಡ್ಸ್‌ನ ಕರ್ಕ್‌ಗೇಟ್ ಮಾರ್ಕೆಟ್ಟಿನಿಂದ. ಈಗ ದೊಡ್ಡ ಅಂಗಡಿಗಳ ಕಂಪನಿಯಾಗಿರುವ ಮಾರ್ಕ್ಸ್ ಅಂಡ್ ಸ್ಪೆನ್ಸರ್ 1884ರಲ್ಲಿ ಶುರುವಾದದ್ದೂ ಅಲ್ಲೇ, ಪೆನ್ನಿಗೊಂದು ಸಾಮಾನು ಮಾರುವ ಪುಟ್ಟ ಅಂಗಡಿಯಾಗಿ. ಅಲ್ಲಿನ ಮಾಂಸದ ಅಂಗಡಿಗಳಲ್ಲಿ ನೋಡಿ, ಮುಟ್ಟಿ, ಇಷ್ಟು ಜನಕ್ಕೆ ಎಷ್ಟು ಬೇಕು ಅಂತ ಕೇಳಿ ತರಬಹುದು. ಇಂಗ್ಲೆಂಡಿನಲ್ಲಿ 25ನೇ ತಾರೀಖು ದೊಡ್ಡ ಅಂಗಡಿಗಳು ಕಾನೂನಿನ ಪ್ರಕಾರವೇ ಮುಚ್ಚಿರಬೇಕು, 2004ರ ಕಾಯ್ದೆ ಅದು. ಹಾಗಾಗಿ ಉಪ್ಪಿನಿಂದ ಹಿಡಿದು ಫಾಯಿಲ್‌ವರೆಗೆ ಹಿಂದಿನ ದಿನವೇ ಮನೆಯಲ್ಲಿರಲಿ.

ಮೊದಲ ವರ್ಷ ಬೀಫ್ ರಿಬ್, ಅಂದರೆ ದನದ ಪಕ್ಕೆಲುಬಿನ ಭಾಗ. ಮೂರು ಎಲುಬಿನ ತುಂಡು, 3.2 ಕೆಜಿ. ನಡುನಡುವೆ ಬಿಳಿ ಕೊಬ್ಬಿನ ಎಳೆಗಳು, ಮೇಲೆ ಬೆರಳು ದಪ್ಪದ ಕೊಬ್ಬು. ನೋಡಲು ಇದಕ್ಕಿಂತ ಚೆಂದದ ಮಾಂಸ ನಾನು ಅಡುಗೆಮನೆಗೆ ತಂದಿಲ್ಲ. ಬೆಲೆಯೂ ಹಾಗೇ, ಕೆಜಿಗೆ ಪೋರ್ಕ್ ಶೋಲ್ಡರ್‌ನ ಮೂರು ಪಟ್ಟಿಗಿಂತ ಜಾಸ್ತಿ. ಉಪ್ಪು, ಕಾಳುಮೆಣಸು ಬಿಟ್ಟು ಬೇರೇನೂ ಹಾಕಲಿಲ್ಲ. ಮೊದಲು 220 ಡಿಗ್ರಿಯಲ್ಲಿ 25 ನಿಮಿಷ, ಆಮೇಲೆ 140ಕ್ಕೆ ಇಳಿಸಿ ಸುಮಾರು ಒಂದೂವರೆ ಗಂಟೆ. ನಾನು ಹೇಳುವ ಡಿಗ್ರಿಗಳೆಲ್ಲ ಫ್ಯಾನ್ ಓವನ್‌ನದು. ಫ್ಯಾನ್ ಇಲ್ಲದಿದ್ದರೆ 20 ಸೇರಿಸಿಕೊಳ್ಳಿ.

ಇಲ್ಲಿ ಗಡಿಯಾರ ನಂಬಬೇಡಿ, ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಬೇಕೇ ಬೇಕು. ಎಲುಬಿಗೆ ತಾಗದ ಹಾಗೆ ಸರಿಯಾಗಿ ನಡುವಿಗೆ ಚುಚ್ಚಬೇಕು. 51 ತೋರಿಸಿದಾಗ ಹೊರಗೆ ತೆಗೆದೆ. ಫಾಯಿಲ್ ಮುಚ್ಚಿ 40 ನಿಮಿಷ ಬಿಟ್ಟೆ. ತನ್ನ ಶಾಖಕ್ಕೆ ತಾನೇ 56ಕ್ಕೆ ಏರಿತು. ಕೊಯ್ದರೆ ಅಂಚಿನಿಂದ ಅಂಚಿಗೆ ಗುಲಾಬಿ ಬಣ್ಣ.

ಅತ್ತೆ ತಟ್ಟೆ ನೋಡಿದರು. "ಇದು ಬೆಂದಿಲ್ಲ ಮಾರಾಯ್ತಿ, ರಕ್ತ ಹಾಗೇ ಉಂಟಲ್ಲ."

"ಅದು ರಕ್ತ ಅಲ್ಲ ಅತ್ತೆ, ಮಾಂಸದ ನೀರು. ನೀವು ಈ ತುದಿಯ ತುಂಡು ತಗೊಳ್ಳಿ, ಇದು ಚೆನ್ನಾಗಿ ಬೆಂದಿದೆ."

ನಿಜವಾಗಿಯೂ ಅದು ರಕ್ತ ಅಲ್ಲ. ಮಯೋಗ್ಲೋಬಿನ್ ಅನ್ನುವ ಕೆಂಪು ಪ್ರೋಟೀನ್ ಸೇರಿದ ನೀರು. ಆದರೆ ಹಬ್ಬದ ದಿನ ಊಟದ ಮೇಜಿನಲ್ಲಿ ಇದನ್ನು ವಿವರಿಸಿ ಯಾರನ್ನೂ ಒಪ್ಪಿಸಲು ಹೋಗಬಾರದು. ತುದಿಯ ತುಂಡುಗಳು ಎರಡೇ ಇದ್ದವು. ಪೂರ್ತಿ ಬೇಕು ಅಂದವರು ನಾಲ್ವರು. ಉಳಿದಿಬ್ಬರ ತುಂಡುಗಳನ್ನು ಕುದಿಯುವ ಗ್ರೇವಿಯಲ್ಲಿ ಎರಡು ನಿಮಿಷ ಅದ್ದಿ ಕೊಟ್ಟೆ, ಬಣ್ಣ ಹೋಯಿತು. ಅಷ್ಟು ದುಡ್ಡು ಕೊಟ್ಟು ತಂದ ಮಾಂಸವನ್ನು ಹಾಗೆ ಮಾಡುವಾಗ ನನಗೆ ಬೇಜಾರಾಯಿತು. ಕೆಂಪಗಿರುವುದನ್ನು ಎಲ್ಲರೂ ಇಷ್ಟಪಡುವ ಮನೆಯಾದರೆ ಮಾತ್ರ ರಿಬ್ ತನ್ನಿ, ಅಂಥ ಮನೆಗೆ ಅದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಇನ್ನೊಂದು ಮಾತು. ಬೀಫ್, ಲ್ಯಾಂಬ್‌ನ ಇಡೀ ತುಂಡನ್ನು ಒಳಗೆ ಕೆಂಪಗಿಟ್ಟು ತಿನ್ನಬಹುದು, ಯಾಕೆಂದರೆ ಸೂಕ್ಷ್ಮಜೀವಿಗಳು ಮೇಲ್ಮೈಯಲ್ಲಿ ಇರುತ್ತವೆ, ಬೆಂಕಿಗೆ ಸಾಯುತ್ತವೆ. ಎಲುಬು ತೆಗೆದು ಸುರುಳಿ ಸುತ್ತಿ ದಾರ ಕಟ್ಟಿದ ಜಾಯಿಂಟ್‌ನಲ್ಲಿ ಹೊರಗಿದ್ದದ್ದು ಒಳಗೆ ಹೋಗಿರುತ್ತದೆ. ಅದನ್ನು ಪೂರ್ತಿ ಬೇಯಿಸಲೇಬೇಕು.

ಎರಡನೇ ವರ್ಷ ಲ್ಯಾಂಬ್ ಲೆಗ್. ಎಲುಬಿನ ಸಮೇತ 2.4 ಕೆಜಿಯದು ಒಂದು, ಜೊತೆಗೆ ಅದರ ಅರ್ಧದಷ್ಟು ಇನ್ನೊಂದು. ಕುರಿ ಮಾಂಸ ಅಂದರೆ ಅತ್ತೆಗೂ ಪರಿಚಯದ ರುಚಿ ಅಲ್ವಾ, ಆ ಧೈರ್ಯ. ಚೂಪು ಚಾಕುವಿನಿಂದ ಅಲ್ಲಲ್ಲಿ ಚುಚ್ಚಿ ಬೆಳ್ಳುಳ್ಳಿ ಎಸಳು, ರೋಸ್‌ಮೆರಿ ತೂರಿಸಿದೆ. 180ರಲ್ಲಿ ದೊಡ್ಡದಕ್ಕೆ ಒಂದೂಮುಕ್ಕಾಲು ಗಂಟೆ. ಅದನ್ನು 60ಕ್ಕೆ ಹೊರಗೆ ತೆಗೆದೆ. ಚಿಕ್ಕದನ್ನು ಅತ್ತೆಗೆ, ಮಕ್ಕಳಿಗೆ ಅಂತ ಪೂರ್ತಿ ಬೇಯಿಸಿದೆ. ಮನೆಯೆಲ್ಲ ಪರಿಮಳ.

ಆ ದಿನ ಎಂ62 ಹೆದ್ದಾರಿಯಲ್ಲಿ, ಪೆನೈನ್ ಗುಡ್ಡದ ಮೇಲೆ, ಮಂಜು ಕವಿದು ಮೈದುನ ಬರುವುದು ಒಂದು ಗಂಟೆಗೂ ಮೀರಿ ತಡವಾಯಿತು. ಲ್ಯಾಂಬ್ ಕಾಯಲಿಲ್ಲ. ಓವನ್‌ನಲ್ಲೇ ಬಿಟ್ಟರೆ ಗಟ್ಟಿಯಾಗುತ್ತದೆ, ಹೊರಗಿಟ್ಟರೆ ಆರುತ್ತದೆ. ಆರಿದರೆ ಕುರಿಯ ಕೊಬ್ಬು ಬೇಗ ಹೆಪ್ಪುಗಟ್ಟುತ್ತದೆ. ತಟ್ಟೆಯ ಅಂಚಿನಲ್ಲಿ ಬಿಳಿ ಮೇಣದ ಹಾಗೆ ನಿಂತಿತು, ಬಾಯಿಯ ಮೇಲ್ಭಾಗಕ್ಕೂ ಅಂಟಿತು. ಮೊದಲೇ ತಟ್ಟೆಗಳನ್ನು ಬಿಸಿ ಮಾಡಿಟ್ಟಿದ್ದರೆ ಸ್ವಲ್ಪ ಉಳಿಯುತ್ತಿತ್ತು. ನಾಲ್ಕೈದು ಜನ, ಎಲ್ಲರೂ ಮನೆಯಲ್ಲೇ ಇದ್ದಾರೆ, ಕೊಯ್ದ ತಕ್ಷಣ ತಿನ್ನುತ್ತಾರೆ ಅಂದರೆ ಲ್ಯಾಂಬ್ ಲೆಗ್ ತುಂಬಾ ಒಳ್ಳೆಯ ಆಯ್ಕೆ. ಈಸ್ಟರ್‌ಗೆ ನಾನು ಈಗಲೂ ಅದನ್ನೇ ಮಾಡುತ್ತೇನೆ.

ಮೂರನೇ ವರ್ಷ ಪೋರ್ಕ್ ಶೋಲ್ಡರ್, ಅಂದರೆ ಹಂದಿಯ ಮುಂಗಾಲಿನ ಮೇಲಿನ ಭಾಗ. ಎಲುಬು, ಚರ್ಮ ಎರಡೂ ಇರುವ 4 ಕೆಜಿ ತುಂಡು. ನಮ್ಮ ಮನೆಗೆ ಬೇಕಾದದ್ದು ಇದೇ ಅಂತ ಆ ದಿನವೇ ಗೊತ್ತಾಯಿತು. ಯಾಕೆ ಅಂತ ಹೇಳುತ್ತೇನೆ.

ಈ ಭಾಗ ಪ್ರಾಣಿ ಓಡಾಡುವಾಗ ಸದಾ ದುಡಿಯುವ ಭಾಗ. ಒಳಗೆಲ್ಲ ನಾರು, ಪೊರೆ. ಬೇಗ ಬೇಯಿಸಿದರೆ ರಬ್ಬರ್. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಆ ಪೊರೆ ಕರಗಿ ಅಂಟಾಗುತ್ತದೆ, ಮಾಂಸ ಒಣಗಲು ಬಿಡುವುದಿಲ್ಲ. ಲೆಗ್‌ನಲ್ಲಿ ಇದು ಕಡಿಮೆ, ಕೊಬ್ಬೂ ಕಡಿಮೆ. ಅದಕ್ಕೇ ಪೋರ್ಕ್ ಲೆಗ್ ಹತ್ತು ನಿಮಿಷ ಜಾಸ್ತಿಯಾದರೂ ಒಣಗುತ್ತದೆ. ಶೋಲ್ಡರ್‌ಗೆ ಅರ್ಧ ಗಂಟೆ ಆಚೀಚೆ ಆದರೂ ಏನೂ ಆಗುವುದಿಲ್ಲ.

ಚರ್ಮದ ಕೆಲಸ ಹಿಂದಿನ ರಾತ್ರಿ. ಚರ್ಚಿನ ಬಲಿಪೂಜೆಗೆ ಹೊರಡುವ ಮೊದಲು ಬಟ್ಟೆಯಿಂದ ಒರೆಸಿ, ಹೊಸ ಬ್ಲೇಡಿನಿಂದ ಒಂದೊಂದು ಸೆಂಟಿಮೀಟರ್‌ಗೆ ಗೀರು ಹಾಕಿದೆ. ಗೀರು ಕೊಬ್ಬಿನವರೆಗೆ ಹೋಗಬೇಕು, ಮಾಂಸಕ್ಕೆ ತಾಗಬಾರದು. ಗೀರುಗಳ ಒಳಗೆ ಕಲ್ಲುಪ್ಪು ತಿಕ್ಕಿ, ಮುಚ್ಚದೆ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಮುಟ್ಟಿದರೆ ಚರ್ಮ ಒಣಗಿದ ಚಪ್ಪಲಿಯ ತೊಗಲಿನ ಹಾಗಿತ್ತು. ಹಾಗಿರಬೇಕು, ಸ್ವಲ್ಪ ತೇವ ಇದ್ದರೂ ಕ್ರ್ಯಾಕ್ಲಿಂಗ್, ಅಂದರೆ ಗರಿಗರಿ ಚರ್ಮ, ಏಳುವುದಿಲ್ಲ. ಮತ್ತೊಮ್ಮೆ ಒರೆಸಿ 8 ಗಂಟೆಗೆ 220ರಲ್ಲಿ ಇಟ್ಟೆ. ಅರ್ಧ ಗಂಟೆಯಲ್ಲಿ ಚಟಚಟ ಶಬ್ದ ಶುರುವಾಯಿತು. ಓವನ್ ಗಾಜಿನ ಆಚೆ ಚರ್ಮ ಹಪ್ಪಳದ ಹಾಗೆ ಗುಳ್ಳೆ ಎದ್ದು ಉಬ್ಬುತ್ತಿತ್ತು. ಮಕ್ಕಳಿಬ್ಬರೂ ನೆಲದ ಮೇಲೆ ಕೂತು ಅದನ್ನೇ ನೋಡಿದರು. ಆಮೇಲೆ 140ಕ್ಕೆ ಇಳಿಸಿ ನಾಲ್ಕೂವರೆ ಗಂಟೆ. 1 ಗಂಟೆಗೆ ಒಳಗಿನ ಬಿಸಿ 89. ಹಂದಿ ಮಾಂಸ ಸುರಕ್ಷಿತವಾಗಲು ನಡುವೆ 70 ಡಿಗ್ರಿಯಲ್ಲಿ 2 ನಿಮಿಷ ಇದ್ದರೆ ಸಾಕು. ಇಷ್ಟು ಬಿಸಿ ಬೇಕಾದದ್ದು ಆ ಪೊರೆ ಕರಗಲು.

ಹೊರಗೆ ತೆಗೆದು ಚರ್ಮವನ್ನು ಇಡಿಯಾಗಿ ಎಬ್ಬಿಸಿ ಬೇರೆ ಟ್ರೇಗೆ ಹಾಕಿದೆ. ಮಾಂಸಕ್ಕೆ ಫಾಯಿಲ್, ಅದರ ಮೇಲೆ ದಪ್ಪ ಟವೆಲ್. ಒಂದು ಗಂಟೆ ಕಳೆದರೂ ಬಿಸಿ ಆರಲಿಲ್ಲ. ಒಂದೇ ಓವನ್ ಇರುವವರಿಗೆ ಆ ಒಂದು ಗಂಟೆ ಬಹಳ ದೊಡ್ಡದು. ಓವನ್ 200ಕ್ಕೆ ಏರಿಸಿ, ಮೊದಲೇ ಕುದಿಸಿಟ್ಟ ಆಲೂಗಡ್ಡೆಯನ್ನು ಬಿಸಿ ಕೊಬ್ಬಿಗೆ ಹಾಕಿದೆ. ಕ್ಯಾರೆಟ್, ಪಾರ್ಸ್‌ನಿಪ್ ಗೆಡ್ಡೆ ಅದರ ಕೆಳಗೆ. ಮೆತ್ತಗಾಗಿದ್ದ ಚರ್ಮದ ಒಂದು ಮೂಲೆಯೂ ಕೊನೆಯ ಹತ್ತು ನಿಮಿಷದಲ್ಲಿ ಗರಿಗರಿಯಾಯಿತು.

ಅತ್ತೆ ಎರಡನೇ ಸಲ ಬಡಿಸಿಕೊಂಡರು. ಕೆಂಪಗೆ ಬೇಕು ಅನ್ನುವ ನಮ್ಮ ಮನೆಯವರೂ ಏನೂ ಹೇಳಲಿಲ್ಲ, ಕ್ರ್ಯಾಕ್ಲಿಂಗ್ ಅವರ ಹತ್ತಿರವೇ ಇತ್ತು.

ನಡುವೆ ಬೇರೆ ಭಾನುವಾರಗಳಲ್ಲಿ ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಬೀಫ್ ಟಾಪ್‌ಸೈಡ್, ಅಂದರೆ ದನದ ಹಿಂತೊಡೆಯ ಭಾಗ, ರಿಬ್‌ಗಿಂತ ಅಗ್ಗ, ಆದರೆ ಕೊಬ್ಬಿಲ್ಲ. ತೆಳ್ಳಗೆ ಕೊಯ್ದು ಮರುದಿನ ಸ್ಯಾಂಡ್‌ವಿಚ್‌ಗೆ ಚೆನ್ನಾಗಿರುತ್ತದೆ, ಹಬ್ಬಕ್ಕೆ ಬೇಡ. ಗ್ಯಾಮನ್ ಅಂದರೆ ಉಪ್ಪಿನಲ್ಲಿ ಊರಿಸಿದ ಹಂದಿಯ ತೊಡೆ. 24ರಂದೇ ಕುದಿಸಿ, ಸಾಸಿವೆ, ಕಂದು ಸಕ್ಕರೆ ಸವರಿ, ಲವಂಗ ಚುಚ್ಚಿ ಓವನ್‌ಗೆ ಇಟ್ಟುಬಿಡಬಹುದು. ತಣ್ಣಗೇ ತಿನ್ನಬಹುದಾದ್ದರಿಂದ ಹಬ್ಬದ ದಿನ ಓವನ್ ಖಾಲಿ. ತೀರಾ ಪುರುಸೊತ್ತು ಇಲ್ಲದವರಿಗೆ ಇದು ಒಳ್ಳೆಯದು.

ಎಷ್ಟು ತರಬೇಕು ಅಂತ ಕೇಳಿದರೆ, ಎಲುಬಿದ್ದರೆ ಒಬ್ಬರಿಗೆ 400 ಗ್ರಾಂ, ಇಲ್ಲದಿದ್ದರೆ 250 ಗ್ರಾಂ ಲೆಕ್ಕ ಹಾಕಿ. ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಲಿ. ಈ ಸಲವೂ ಶೋಲ್ಡರ್‌ಗೇ ಹೇಳಿಟ್ಟಿದ್ದೇನೆ, 5 ಕೆಜಿ. ಹೆಚ್ಚಿನ ಒಂದು ಕೆಜಿ 26ನೇ ತಾರೀಖಿಗೆ. ಉಳಿದ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ಈರುಳ್ಳಿ, ಶುಂಠಿ, ವಿನಿಗರ್, ಬಫಾತ್ ಪುಡಿ ಹಾಕಿ ಅತ್ತೆಯೇ ಮಾಡುತ್ತಾರಂತೆ. ಸನ್ನಕ್ಕೆ ಅಕ್ಕಿ ನೆನೆಸುವುದು ಮಾತ್ರ ನನ್ನ ಪಾಲಿಗೆ.