ಕ್ಯಾಮೆರಾಗೆ ಮರ ಕೊಳ್ಳುವವರೇ, ‘ಪೂರ್ತಿ ಒಣಗಿದೆ ಸಾರ್’ ಅಂದರೆ ನಂಬಬೇಡಿ

ಮನೆಯಲ್ಲೇ ಮರದ ಕ್ಯಾಮೆರಾ ಮಾಡುವ ಹುಚ್ಚಿನವರು ನಮ್ಮ ಕಡೆಯೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಲೆನ್ಸ್ ಎಲ್ಲಿ ಸಿಗುತ್ತೆ, ಬೆಲೋಸ್‌ಗೆ (ಲೆನ್ಸ್‌ಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲ) ಯಾವ ಬಟ್ಟೆ ಹಾಕಿದಿರಿ ಅಂತ ಎಲ್ಲರೂ ಕೇಳುತ್ತಾರೆ. ಮರದ ಬಗ್ಗೆ ಕೇಳುವವರು ಕಡಿಮೆ. ನನ್ನ ದುಡ್ಡೂ ಶ್ರಮವೂ ಹಾಳಾಗಿದ್ದು ಅಲ್ಲೇ.

ನಾನು ಮಾಡಿದ್ದು 4x5 ಇಂಚಿನ ಫಿಲ್ಮ್ ಹಾಕುವ ಫೀಲ್ಡ್ ಕ್ಯಾಮೆರಾ, ಅಂದರೆ ಮಡಚಿ ಹೊರಗೆ ಒಯ್ಯುವಂಥದ್ದು. ತೇಗವನ್ನು ಸುಮ್ನೆ ಆರಿಸಿಕೊಂಡಿದ್ದಲ್ಲ. ಬಿಸಿಲು, ಮಳೆ ಜಾಸ್ತಿ ಇರುವ ದೇಶಗಳಿಗೆ ಅಂತ ಬ್ರಿಟಿಷ್ ಕಂಪನಿಗಳು ಮಾಡುತ್ತಿದ್ದ ‘ಟ್ರಾಪಿಕಲ್’ ಕ್ಯಾಮೆರಾಗಳು ಹೆಚ್ಚಾಗಿ ತೇಗದವು. ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾ ನೋಡಿದವರಿಗೆ ಮರ, ಹಿತ್ತಾಳೆ ಸೇರಿದರೆ ಎಂಥ ಗಟ್ಟಿ ಕೆಲಸ ಆಗುತ್ತೆ ಅಂತ ಗೊತ್ತಿರುತ್ತೆ.

ಮಳೆಗಾಲ ಮುಗಿದ ಮೇಲೆ ಮೈಸೂರಿನ ಒಂದು ಟಿಂಬರ್ ಅಂಗಡಿಗೆ ಹೋದೆ. ಕ್ಯಾಮೆರಾಗೆ ಬೇಕು, ಚೆನ್ನಾಗಿ ಒಣಗಿದ್ದೇ ಕೊಡಿ ಅಂತ ಬಿಡಿಸಿ ಹೇಳಿದೆ. ಅಂಗಡಿಯವರು ನನ್ನೆದುರೇ ಹಲಗೆಗೆ ತೇವಾಂಶ ಅಳೆಯುವ ಮೀಟರಿನ ಸೂಜಿ ಚುಚ್ಚಿದರು. ನೂರಕ್ಕೆ 11 ತೋರಿಸಿತು. ‘ಎರಡು ವರ್ಷ ಒಣಗಿರೋ ಮಾಲು ಸಾರ್, ಕಣ್ಣು ಮುಚ್ಚಿಕೊಂಡು ತಗೊಳ್ಳಿ’ ಅಂದರು. ರೇಟೂ ಅದಕ್ಕೆ ತಕ್ಕ ಹಾಗೆ ಜಾಸ್ತಿ ಇತ್ತು.

ಚಳಿಗಾಲವಿಡೀ ಕೆಲಸ ಮಾಡಿದೆ. ಮೂಲೆಗಳಿಗೆ ಬೆರಳು ಹೆಣೆದ ಹಾಗೆ ಕೂರುವ ಫಿಂಗರ್ ಜಾಯಿಂಟ್. ತೇಗದಲ್ಲಿ ಎಣ್ಣೆ ಅಂಶ ಇರುತ್ತಲ್ಲ, ಅಂಟು ಹಿಡಿಯಲಿ ಅಂತ ಅಸಿಟೋನ್‌ನಲ್ಲಿ ಒರೆಸಿಯೇ ಅಂಟಿಸಿದ್ದು. ಮುಗಿದಾಗ ಫಿಲ್ಮ್ ಹೋಲ್ಡರ್ (ಫಿಲ್ಮ್ ಇಡುವ ಚಪ್ಪಟೆ ಡಬ್ಬಿ) ಹಿಂಬದಿಯ ಚೌಕಟ್ಟಿಗೆ ಸರಾಗವಾಗಿ ಜಾರಿ ಕೂರುತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರಿತು ನೋಡಿ, ಮರ ತನ್ನ ಬುದ್ಧಿ ತೋರಿಸಿತು. ಮೊದಲು ನೆಗೆಟಿವ್‌ಗಳಲ್ಲಿ ಒಂದೇ ಅಂಚಿಗೆ ಕಪ್ಪು ಪಟ್ಟಿ ಬರತೊಡಗಿತು. ನಾನು ಬಳಸುವುದು ಕತ್ತರಿಸಿದ ಎಕ್ಸ್‌ರೇ ಫಿಲ್ಮ್, ಅದರದ್ದೇ ತೊಂದರೆ ಇರಬಹುದು ಅನ್ನಿಸಿತು. ಆಮೇಲೆ ಬೆಳಕು ಸೋರುತ್ತಿದೆಯಾ ನೋಡೋಣ ಅಂತ ಕೋಣೆ ಕತ್ತಲು ಮಾಡಿ, ಕ್ಯಾಮೆರಾ ಒಳಗೆ ಸಣ್ಣ ಎಲ್‌ಇಡಿ ಇಟ್ಟು ಮುಚ್ಚಿದೆ. ಹಿಂಬದಿಯ ಎಡ ಮೂಲೆಯಲ್ಲಿ ಕೂದಲೆಳೆಯಷ್ಟು ಬೆಳಕಿನ ಗೆರೆ. ಜಾಯಿಂಟ್ ಬಿಟ್ಟುಕೊಂಡಿತ್ತು. ಸ್ಕ್ರೂ ಹಾಕಿ ಬಿಗಿದ ಹಿತ್ತಾಳೆ ಪಟ್ಟಿ ಕುಗ್ಗೋದಿಲ್ಲ, ಮರ ಕುಗ್ಗುತ್ತೆ. ಹಾಗಾಗಿ ಸ್ಕ್ರೂ ಪಕ್ಕದಲ್ಲಿ ಹಲಗೆ ಸೀಳಿತ್ತು. ಸ್ಟೀಲ್ ಸ್ಕೇಲ್ ಅಡ್ಡ ಹಿಡಿದರೆ ಹಿಂಬದಿ ಚೌಕಟ್ಟಿನ ನಡುವೆ ಒಂದು ಮಿಲಿಮೀಟರ್ ಹಳ್ಳ.

ಒಂದು ಮಿಲಿಮೀಟರ್ ತಾನೇ ಅನ್ನಬೇಡಿ. 4x5 ಹೋಲ್ಡರಿನಲ್ಲಿ ಫಿಲ್ಮ್ ಕೂರುವ ಆಳ ಸುಮಾರು 5 ಮಿಲಿಮೀಟರ್. ಫೋಕಸ್ ನೋಡುವ ಮಸುಕು ಗಾಜು, ಅಂದರೆ ಗ್ರೌಂಡ್ ಗ್ಲಾಸ್ ಕೂಡ ಅದೇ ಆಳದಲ್ಲಿ ಇರಬೇಕು. ಲೆನ್ಸ್ ಅಗಲ ತೆರೆದು ಎಫ್ 5.6ರಲ್ಲಿ ತೆಗೆದರೆ ಫೋಕಸ್ ಆಚೆ ಈಚೆ ಅರ್ಧ ಮಿಲಿಮೀಟರ್ ಮಾತ್ರ ತಡೆಯುತ್ತೆ. ಗಾಜಿನ ಮೇಲೆ ಕಣ್ಣು ಚೂಪಾಗಿ ಕಾಣುತ್ತೆ, ಫಿಲ್ಮಿನಲ್ಲಿ ಕಿವಿ ಚೂಪಾಗಿ ಬರುತ್ತೆ.

ಅಂಗಡಿಗೆ ವಾಪಸ್ ಹೋದೆ. ‘ಇದೇ ಮಾಲನ್ನ ಬಾಗಿಲಿಗೆ ಕೊಡ್ತೀವಿ, ಒಬ್ರೂ ಕಂಪ್ಲೇಂಟ್ ಮಾಡಿಲ್ಲ’ ಅಂತ ಅದೇ ರಾಗ. ಬಾಗಿಲು ಎರಡು ಮಿಲಿಮೀಟರ್ ಕುಗ್ಗಿದರೆ ಯಾರು ನೋಡುತ್ತಾರೆ! ಅದೇ ಮಾಲು ಇನ್ನೂ ಅಲ್ಲೇ ಇತ್ತು. ನಡುವೆ ರೀಪು ಇಡದೆ, ಗಾಳಿ ಆಡದ ಹಾಗೆ ಒತ್ತಾಗಿ ಜೋಡಿಸಿದ್ದರು. ಒಂದು ಹಲಗೆಯ ನಡುಭಾಗದಿಂದ ತುಂಡು ಕತ್ತರಿಸಿ ಕೊಡಿ ಅಂತ ದುಡ್ಡು ಕೊಟ್ಟು ತಂದೆ. ಅಡುಗೆಮನೆ ತಕ್ಕಡಿಯಲ್ಲಿ 236 ಗ್ರಾಂ. ಓವನ್‌ನಲ್ಲಿ 100 ಡಿಗ್ರಿಗೆ ಸ್ವಲ್ಪ ಮೇಲೆ ಇಟ್ಟು, ತೂಕ ಇಳಿಯೋದು ನಿಲ್ಲುವವರೆಗೆ ಒಣಗಿಸಿದೆ. 200ಕ್ಕೆ ನಿಂತಿತು. ಹೋದ ನೀರು 36 ಗ್ರಾಂ, ಒಣ ಮರ 200 ಗ್ರಾಂ. ಅಂದರೆ ತೇವಾಂಶ ನೂರಕ್ಕೆ 18. ಅಂಗಡಿಯವರ 11 ಎಲ್ಲಿಂದ ಬಂತು? ಸೂಜಿ ಮೀಟರ್ ಅಳೆಯೋದು ಚುಚ್ಚಿದಷ್ಟು ಆಳವನ್ನು. ಹಲಗೆಯ ಮೇಲ್ಮೈ ಬೇಗ ಒಣಗುತ್ತೆ, ಒಳಗೆ ಹಸಿ ಹಾಗೇ ಇರುತ್ತೆ. ಇದು ಗೊತ್ತಿಲ್ಲದೆ ಅವರು ಮರದ ವ್ಯಾಪಾರ ಮಾಡುತ್ತಿದ್ದಾರೆ ಅಂತ ನನಗಂತೂ ಅನ್ನಿಸೋದಿಲ್ಲ. 18ರಿಂದ 10ಕ್ಕೆ ಇಳಿಯುವಾಗ ಆರು ಇಂಚು ಅಗಲದ ತೇಗದ ಹಲಗೆ ಅಗಲದಲ್ಲಿ ಎರಡು ಮಿಲಿಮೀಟರ್‌ವರೆಗೂ ಕುಗ್ಗಬಹುದು. ಉದ್ದದಲ್ಲಿ ಹೆಚ್ಚುಕಡಿಮೆ ಏನೂ ಆಗೋದಿಲ್ಲ. ಆ ಎಳೆದಾಟದಲ್ಲೇ ಜಾಯಿಂಟ್ ಬಿಡೋದು.

ನೀವು ಹೋದಾಗ ಹಲಗೆಯ ತುದಿಯಿಂದ ಅರ್ಧ ಅಡಿಯಾದರೂ ಒಳಗೆ ಕತ್ತರಿಸಿ, ಆ ಹೊಸ ಮುಖಕ್ಕೆ ಮೀಟರ್ ಚುಚ್ಚಿಸಿ. 12 ದಾಟಿದರೆ ಬೇಡ. ಕತ್ತರಿಸೋಕೆ ಒಪ್ಪದಿದ್ದರೆ ಎದ್ದು ಬನ್ನಿ. ಮನೆಗೆ ತಂದ ಮೇಲೂ ರೀಪು ಕೊಟ್ಟು ಜೋಡಿಸಿ, ವಾರಕ್ಕೊಮ್ಮೆ ತೂಗಿ. ತೂಕ ನಿಂತ ಮೇಲೆ ಉಳಿ ಹಿಡಿಯಿರಿ. ಗಾಳಿಯಲ್ಲಿ ಒಣಗೋಕೆ ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಹಳೇ ಲೆಕ್ಕ. ಅಷ್ಟು ತಾಳ್ಮೆ ಇಲ್ಲದಿದ್ದರೆ ಹಳೇ ಮನೆ ಕೆಡವಿದಾಗ ಬರುವ ಬಾಗಿಲು, ಕಿಟಕಿ ನೋಡಿ. ಮೊಳೆ ಹುಡುಕಿ ಕೀಳದೆ ಮಾತ್ರ ಗರಗಸ ಇಡಬೇಡಿ.

ಇನ್ನು ಬಿಲ್. ನನ್ನ ಹತ್ತಿರ ಇತ್ತು, ಆದರೆ ಅದರಲ್ಲಿ ‘ಟೀಕ್ ಕಟ್ ಸೈಜ್’ ಅಂತಷ್ಟೇ ಇತ್ತು. ‘ಒಣಗಿದ್ದು ಅಂತ ಎಲ್ಲಿ ಬರೆದಿದೆ ಸಾರ್?’ ಅಂತ ನನ್ನನ್ನೇ ಕೇಳಿದರು. ಗ್ರಾಹಕ ಸಹಾಯವಾಣಿ 1915 ಇದೆ ನಿಜ, ಆದರೆ ಬಾಯಿಮಾತನ್ನು ಅಲ್ಲಿ ಸಾಬೀತು ಮಾಡೋದು ಹೇಗೆ? ಈಗ ನಾನು ತೇವಾಂಶ ಎಷ್ಟು ಅಂತ ಬಿಲ್ಲಿನಲ್ಲೇ ಬರೆಸಿಕೊಂಡು ದುಡ್ಡು ಕೊಡುತ್ತೇನೆ.