ಹತ್ತು ವರ್ಷ ಲೀಗ್ ಪಾಸ್ ಬಳಸಿದ ಮೇಲೆ: ಸೂಪರ್ ಟೀಮ್‌ಗಳಿಂದ ಆಟದ ಮಜಾ ಹೋಯ್ತಾ?

ಬಳಸುತ್ತಿರುವುದು: ಎನ್‌ಬಿಎ ಲೀಗ್ ಪಾಸ್ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಪಂದ್ಯಗಳನ್ನು ಚಂದಾ ಕಟ್ಟಿ ನೋಡುವ ಆ್ಯಪ್), 2015ರ ಅಕ್ಟೋಬರ್‌ನಿಂದ. ಊರು: ತುಮಕೂರು. ಅಂಕ: ಆ್ಯಪ್‌ಗೆ ಐದಕ್ಕೆ ನಾಲ್ಕೂವರೆ. ಅದರೊಳಗೆ ನೋಡಿದ ಆಟಕ್ಕೆ ವರ್ಷವರ್ಷಕ್ಕೂ ಬೇರೆ ಬೇರೆ ಅಂಕ. 2018ಕ್ಕೆ ಎರಡು, 2025ಕ್ಕೆ ಪೂರ್ತಿ ಐದು.

ನಾನು ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಪಿಟಿ ಟೀಚರ್. ಕಾಲೇಜಿನಲ್ಲಿದ್ದಾಗ ಬ್ಯಾಸ್ಕೆಟ್‌ಬಾಲ್ ಆಡಿದವಳು, ಈಗ ಮಕ್ಕಳಿಗೆ ಹೇಳಿಕೊಡುತ್ತೇನೆ. ಅಮೆರಿಕದ ರಾತ್ರಿ ಪಂದ್ಯ ನಮಗೆ ಬೆಳಗಿನ ಜಾವ. ಜೂನ್ ಫೈನಲ್ಸ್ ಅಂದರೆ ಐದೂವರೆ, ಆರು ಗಂಟೆಗೆ ಶುರು. ಪಂದ್ಯ ಮುಗಿಸಿ, ತಿಂಡಿ ಕಟ್ಟಿಕೊಂಡು, ಪ್ರಾರ್ಥನೆ ಹೊತ್ತಿಗೆ ಶಾಲೆಯಲ್ಲಿರಬಹುದು. ಬೆಳಗ್ಗೆ ಆಗದಿದ್ದರೆ ಸಂಜೆ ಪೂರ್ತಿ ಪಂದ್ಯ ನೋಡಬಹುದು, ಇಲ್ಲವೇ ಚಿಕ್ಕದಾಗಿ ಕತ್ತರಿಸಿದ್ದನ್ನು ನೋಡಬಹುದು. ಸ್ಕೋರ್ ಮರೆಮಾಡುವ ಆಯ್ಕೆ ಇದೆ. ಮೊದಲ ದಿನವೇ ಅದನ್ನು ಆನ್ ಮಾಡಿಕೊಳ್ಳಿ. ಆ್ಯಪ್ ಬಗ್ಗೆ ಇಷ್ಟು ಸಾಕು.

ನನ್ನನ್ನು ಎಲ್ಲರೂ ಕೇಳುವುದು ಬೇರೆಯದೇ ಪ್ರಶ್ನೆ. ದೊಡ್ಡ ಆಟಗಾರರೆಲ್ಲ ಒಂದೇ ಕಡೆ ಸೇರಿ ಸೂಪರ್ ಟೀಮ್ ಆಗಿ, ಗೆಲ್ಲುವವರು ಯಾರು ಅಂತ ಮೊದಲೇ ಗೊತ್ತಿದ್ದರೆ ಇಷ್ಟು ದುಡ್ಡು ಯಾಕೆ ಕೊಡಬೇಕು?

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಮೊದಲು ಅರ್ಥ ಆಗುವುದಿಲ್ಲ. ಕ್ರಿಕೆಟ್‌ನಲ್ಲಿ ಎಂಥ ಬ್ಯಾಟ್ಸ್‌ಮನ್ ಆದರೂ ಒಂದು ಒಳ್ಳೆ ಬಾಲ್ ಬಿದ್ದರೆ ಮುಗಿಯಿತು, ಹೋಗಿ ಕೂತ್ಕೋಬೇಕು. ಇಲ್ಲಿ ಅಂಗಳದಲ್ಲಿರುವುದು ಐದೇ ಜನ. 48 ನಿಮಿಷದ ಪಂದ್ಯದಲ್ಲಿ ದೊಡ್ಡ ಆಟಗಾರ ಮುಕ್ಕಾಲು ಪಾಲು ಹೊತ್ತು ಆಡುತ್ತಾನೆ, ಚೆಂಡು ಮತ್ತೆ ಮತ್ತೆ ಅವನ ಕೈಗೇ ಬರುತ್ತದೆ. ಅದರ ಮೇಲೆ ಪ್ಲೇಆಫ್‌ನಲ್ಲಿ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಸರಣಿ. ಒಂದು ದಿನ ಅದೃಷ್ಟ ಕೈಹಿಡಿಯಬಹುದು, ನಾಲ್ಕು ದಿನ ಹಿಡಿಯುವುದಿಲ್ಲ. ಹಾಗಾಗಿ ಇಂಥವರು ಮೂರು ನಾಲ್ಕು ಜನ ಒಂದೇ ಕಡೆ ಸೇರಿದರೆ ಉಳಿದವರಿಗೆ ದಾರಿ ತುಂಬ ಕಿರಿದು.

ನನ್ನ ಮೊದಲ ಸೀಸನ್ ನನಗೆ ಸಿಕ್ಕ ವರ. ಗೋಲ್ಡನ್ ಸ್ಟೇಟ್ ವಾರಿಯರ್ಸ್ 73 ಗೆದ್ದು 9 ಸೋತ ವರ್ಷ ಅದು. ಜೋರ್ಡಾನ್ ಕಾಲದ ಚಿಕಾಗೊ ಬುಲ್ಸ್‌ನ 72 ಗೆಲುವಿನ ದಾಖಲೆ ಮುರಿದರು. ಫೈನಲ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧ 3-1ರಲ್ಲಿ ಮುಂದಿದ್ದರು. ಆಮೇಲೆ ಏಳನೇ ಪಂದ್ಯ, 2016ರ ಜೂನ್ 20, ಸೋಮವಾರ ಬೆಳಗ್ಗೆ ಐದೂವರೆ. ಸ್ಕೋರ್ 89-89. ಕೊನೆಯ ನಿಮಿಷಗಳಲ್ಲಿ ಎರಡೂ ತಂಡಕ್ಕೆ ಒಂದು ಪಾಯಿಂಟ್ ಕೂಡ ಹುಟ್ಟುತ್ತಿಲ್ಲ. ವಾರಿಯರ್ಸ್‌ನ ಇಗ್ವೊಡಾಲ ರಿಂಗ್ ಹತ್ತಿರದಿಂದ ಸುಲಭದ ಹೊಡೆತಕ್ಕೆ ಎದ್ದ. ಎಲ್ಲಿದ್ದನೋ ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್, ಹಿಂದಿನಿಂದ ಓಡಿಬಂದು ಆ ಚೆಂಡನ್ನು ಬೋರ್ಡಿಗೆ ಬಡಿದ. 53 ಸೆಕೆಂಡ್ ಉಳಿದಾಗ ಅವನದೇ ತಂಡದ ಕೈರಿ ಇರ್ವಿಂಗ್, ವಾರಿಯರ್ಸ್‌ನ ಸ್ಟೆಫ್ ಕರಿ ಮುಖದ ಮುಂದೆಯೇ ಮೂರು ಪಾಯಿಂಟ್ ಹೊಡೆದ. 93-89. ಒಲೆ ಮೇಲಿದ್ದ ಹಾಲು ಉಕ್ಕಿ ಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ. 52 ವರ್ಷ ದೊಡ್ಡ ಲೀಗ್ ಯಾವುದರಲ್ಲೂ ಗೆಲ್ಲದ ಊರು ಗೆದ್ದಿತ್ತು.

ಸರಿಯಾಗಿ ಎರಡು ವಾರಕ್ಕೆ, ಜುಲೈ 4ರಂದು ಕೆವಿನ್ ಡ್ಯುರಾಂಟ್ ವಾರಿಯರ್ಸ್ ಸೇರುತ್ತೇನೆ ಅಂದ. ಅದೇ ವರ್ಷ ಓಕ್ಲಹೋಮ ಪರವಾಗಿ ಇದೇ ವಾರಿಯರ್ಸ್ ಎದುರು 3-1ರಲ್ಲಿ ಮುಂದಿದ್ದು ಸೋತಿದ್ದವನು. ಇಂಥ ತಂಡಕ್ಕೆ ಇಂಥ ಆಟಗಾರ ಬರುವುದಕ್ಕೆ ದುಡ್ಡು ಎಲ್ಲಿತ್ತು? ಹೊಸ ಟಿವಿ ಒಪ್ಪಂದದ ಹಣ ಬಂದು, ತಂಡವೊಂದರ ಸಂಬಳದ ಮಿತಿ ಒಂದೇ ವರ್ಷದಲ್ಲಿ 7 ಕೋಟಿ ಡಾಲರ್‌ನಿಂದ 9.4 ಕೋಟಿಗೆ ಏರಿತು. ಸ್ಟೆಫ್ ಕರಿ ಸಂಬಳವೋ ಹಳೆಯ ಒಪ್ಪಂದದ ಪ್ರಕಾರ ಕಮ್ಮಿ ಇತ್ತು. ಬಾಗಿಲು ಒಂದು ಬೇಸಿಗೆ ಮಾತ್ರ ತೆರೆದಿತ್ತು, ಅವರು ಒಳಗೆ ಹೋದರು. ನಿಯಮ ಮುರಿಯಲಿಲ್ಲ. ಆದರೂ ನನಗೆ ಆ ದಿನ ಆದ ಬೇಜಾರು ಇವತ್ತಿಗೂ ಹೋಗಿಲ್ಲ.

ಮುಂದಿನ ಎರಡು ವರ್ಷ ನಾನು ಕೊಟ್ಟ ಚಂದಾ ಅರ್ಧ ನೀರಿಗೆ ಹೋಯ್ತು ಅಂತಲೇ ಹೇಳುತ್ತೇನೆ. 2017ರ ಪ್ಲೇಆಫ್‌ನಲ್ಲಿ ಅವರು 16 ಗೆದ್ದು 1 ಸೋತರು. ಫೈನಲ್ಸ್‌ನ ಮೂರನೇ ಪಂದ್ಯದಲ್ಲಿ, ಕ್ಲೀವ್‌ಲ್ಯಾಂಡ್‌ನಲ್ಲೇ, ಕೊನೆಯ ಮೂರು ನಿಮಿಷ ಇರುವಾಗ ಕ್ಯಾವಲಿಯರ್ಸ್ 6 ಪಾಯಿಂಟ್ ಮುಂದಿದ್ದರು. ಇವತ್ತಾದರೂ ಅಂತ ಎದ್ದು ನಿಂತೆ. 45 ಸೆಕೆಂಡ್ ಇರುವಾಗ ಡ್ಯುರಾಂಟ್ ಓಡುತ್ತಾ ಬಂದು, ಯಾರಿಗೂ ಪಾಸ್ ಕೊಡದೆ, ಲೆಬ್ರಾನ್ ತಲೆ ಮೇಲಿಂದ ಮೂರು ಪಾಯಿಂಟ್ ಹಾಕಿದ. ಎಷ್ಟು ಚಂದದ ಹೊಡೆತ ಅಂದರೆ, ಬಯ್ಯೋಕೂ ಬಾಯಿ ಬರಲಿಲ್ಲ. ಕೊನೆಯ 11 ಪಾಯಿಂಟ್ ಪೂರ್ತಿ ವಾರಿಯರ್ಸ್‌ದೇ.

ಅವತ್ತು ಶಾಲೆಯಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬನಿಗೆ ಇದನ್ನು ಹೇಳಿದೆ. ಅವನು ಚೆಂಡು ಕುಟ್ಟುತ್ತಾ ಕೇಳಿದ: "ಮಿಸ್, ಕೊನೆಗೂ ಅವರೇ ಗೆಲ್ತಾರೆ ಅಂದ್ಮೇಲೆ ನೀವು ಯಾಕೆ ನಿದ್ದೆ ಕೆಟ್ಟು ನೋಡ್ತೀರಾ?" ಉತ್ತರ ಹೊಳೆಯಲಿಲ್ಲ. "ಸುಮ್ನೆ ಎಡಗೈಯಲ್ಲಿ ಡ್ರಿಬಲ್ ಮಾಡೋ," ಅಂದುಬಿಟ್ಟೆ.

ಒಂದು ಮಾತು ಸೇರಿಸಲೇಬೇಕು. 2018ರಲ್ಲಿ ಫೈನಲ್ಸ್‌ಗೂ ಮೊದಲು ಹ್ಯೂಸ್ಟನ್ ರಾಕೆಟ್ಸ್ ಇದೇ ವಾರಿಯರ್ಸ್ ಎದುರು 3-2ರಲ್ಲಿ ಮುಂದಿತ್ತು. ರಾಕೆಟ್ಸ್‌ನ ಕ್ರಿಸ್ ಪಾಲ್ ಗಾಯಗೊಂಡ. ಏಳನೇ ಪಂದ್ಯದಲ್ಲಿ ರಾಕೆಟ್ಸ್ ಸಾಲಾಗಿ 27 ಮೂರು ಪಾಯಿಂಟ್ ಹೊಡೆತ ತಪ್ಪಿಸಿತು. ಆ ಸರಣಿ ಆ ವರ್ಷದ ನಿಜವಾದ ಫೈನಲ್ಸ್. ಆಮೇಲೆ ಕ್ಲೀವ್‌ಲ್ಯಾಂಡ್ ವಿರುದ್ಧದ ಫೈನಲ್ಸ್ 4-0, ಅಷ್ಟೇ. ಅದೇ ಎರಡು ತಂಡ, ಸತತ ನಾಲ್ಕನೇ ವರ್ಷ.

ಹಾಗಂತ ಬಲಾಢ್ಯ ತಂಡ ಇರಲೇಬಾರದು ಅಂತ ನನ್ನ ವಾದವಲ್ಲ. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಗೆ ಜಾತ್ರೆಯ ಹೊನಲು ಬೆಳಕಿನ ವಾಲಿಬಾಲ್ ಟೂರ್ನಿಗೆ ರೆಫರಿಯಾಗಿ ಹೋಗಿದ್ದೆ. ಒಂದು ತಂಡದವರು ಹೊರಗಿಂದ ಮೂರು ಜನ ಒಳ್ಳೊಳ್ಳೆ ಆಟಗಾರರನ್ನು ಕರೆಸಿದ್ದರು. ಮೊದಲ ಪಂದ್ಯದಲ್ಲಿ ಅವರ ಸ್ಮ್ಯಾಶ್ ನೋಡಿ ಜನ ಕುಣಿದರು. ಫೈನಲ್ ಹೊತ್ತಿಗೆ ಚಾಪೆ ಮಡಚಿಕೊಂಡು ಮನೆಗೆ ಹೊರಟಿದ್ದರು. ಮುಂದಿನ ವರ್ಷವೂ ಹೋದೆ, ಅದೇ ಮೂವರು ಬಂದಿದ್ದರು. ಆದರೆ ಪಕ್ಕದ ಹಳ್ಳಿಯ ಹುಡುಗರು ವರ್ಷವಿಡೀ ಬ್ಲಾಕ್ ಅಭ್ಯಾಸ ಮಾಡಿದ್ದರು. ಒಂದು ಸೆಟ್ ಗೆದ್ದೂ ಬಿಟ್ಟರು. ಯಜಮಾನರೊಬ್ಬರು ಹೆಗಲ ಮೇಲಿನ ಟವೆಲ್ ಬೀಸಿ ಬೀಸಿ ಕೂಗುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪಂದ್ಯ ಆ ಹುಡುಗರು ಸೋತರು. ಆದರೆ ಯಾರೂ ಚಾಪೆ ಮಡಚಲಿಲ್ಲ.

ಮಯಾಮಿ ಹೀಟ್ ತಂಡ ನನಗೆ ಇದೇ ಕಾರಣಕ್ಕೆ ಇಷ್ಟ. 2010ರಲ್ಲಿ ಲೆಬ್ರಾನ್, ವೇಡ್, ಬಾಷ್ ಒಂದಾದಾಗ ಎಲ್ಲರೂ ಬೈದರು, ನಾನೂ ಬೈದೆ. ಆಗ ನನ್ನ ಹತ್ತಿರ ಲೀಗ್ ಪಾಸ್ ಇರಲಿಲ್ಲ, ಟಿವಿಯಲ್ಲಿ ಬಂದಷ್ಟು ನೋಡುತ್ತಿದ್ದೆ. 2011ರ ಫೈನಲ್ಸ್ ಎರಡನೇ ಪಂದ್ಯದಲ್ಲಿ 15 ಪಾಯಿಂಟ್ ಮುಂದಿದ್ದು ಡಲ್ಲಾಸ್‌ಗೆ ಸೋತರು, ಸರಣಿಯನ್ನೂ 4-2ರಲ್ಲಿ ಕಳೆದುಕೊಂಡರು. ಡಲ್ಲಾಸ್‌ನ ನೊವಿಟ್ಸ್ಕಿ ಕಪ್ ಎತ್ತಿದ. ಹೀಟ್ ನಾಲ್ಕು ವರ್ಷದಲ್ಲಿ ನಾಲ್ಕು ಫೈನಲ್ಸ್ ಆಡಿ ಗೆದ್ದದ್ದು ಎರಡು. ಲೆಬ್ರಾನ್, ಬಾಷ್ ಸೇರಿದ್ದು ಆಗಲೇ ತುತ್ತತುದಿಯಲ್ಲಿದ್ದ ತಂಡಕ್ಕಲ್ಲ, ಹಿಂದಿನ ವರ್ಷ ಮೊದಲ ಸುತ್ತಿನಲ್ಲೇ ಸೋತ ತಂಡಕ್ಕೆ. ನನ್ನ ಮಟ್ಟಿಗೆ ವ್ಯತ್ಯಾಸ ಇರುವುದು ಇಲ್ಲೇ. ಒಡೆಯಬಹುದಾದ ಕೋಟೆ ಇದ್ದರೆ ಆಟಕ್ಕೆ ಒಂದು ಕಥೆ ಸಿಗುತ್ತದೆ. 73 ಗೆದ್ದವರಿಗೆ ಡ್ಯುರಾಂಟ್ ಸಿಕ್ಕಾಗ ಆ ಕಥೆ ಸೀಸನ್ ಶುರುವಾಗುವ ಅಕ್ಟೋಬರ್‌ನಲ್ಲೇ ಮುಗಿಯುತ್ತದೆ.

ಈ ಲೆಕ್ಕಕ್ಕೆ ಒಪ್ಪದ ಜನ ಕೋಟಿಗಟ್ಟಲೆ ಇದ್ದಾರೆ, ಅದನ್ನೂ ಹೇಳಬೇಕು. ಅಮೆರಿಕದಲ್ಲಿ 2017ರ ಫೈನಲ್ಸ್ ನೋಡಿದವರು ಪಂದ್ಯಕ್ಕೆ ಸರಾಸರಿ 2 ಕೋಟಿ ದಾಟಿದ್ದರು. 2025ರದ್ದನ್ನು ನೋಡಿದವರು 1 ಕೋಟಿ ಚಿಲ್ಲರೆ. ಟಿವಿ ನೋಡುವ ರೂಢಿ ಬದಲಾಗಿದೆ, ನಿಜ. ಆದರೆ ನಮ್ಮ ಶಾಲೆಯಲ್ಲೂ ಅದೇ ಕಂಡೆ. ಆ ವರ್ಷಗಳಲ್ಲಿ ಸ್ಟೆಫ್ ಕರಿಯ 30ನೇ ನಂಬರಿನ ಜೆರ್ಸಿ ಹಾಕಿಕೊಂಡು ಹುಡುಗರು ತಾವಾಗಿಯೇ ಅಂಗಳಕ್ಕೆ ಬಂದರು. ಹುಡುಗಿಯರೂ ಬಂದರು. ಅಲ್ಲಿಯವರೆಗೆ ಥ್ರೋಬಾಲ್ ಬಿಟ್ಟು ಬೇರೇನೂ ಕೇಳದ ಮಕ್ಕಳು ನಡು ಅಂಗಳದಿಂದ ಚೆಂಡು ಎಸೆಯುತ್ತಿದ್ದರು. ಹೊಸಬರಿಗೆ ಹಿಡಿದುಕೊಳ್ಳಲು ಒಂದು ದೊಡ್ಡ ಹೆಸರು ಬೇಕು. ದಿನಾ ನೋಡುವ ನನ್ನಂಥವರಿಗೆ ಬೇಕಾಗಿರುವುದು ಬೇರೆ.

ಆಮೇಲೆ ಬಂದ ಸೂಪರ್ ಟೀಮ್‌ಗಳು ಹೆಸರಿಗಷ್ಟೇ. ಬ್ರೂಕ್ಲಿನ್‌ನಲ್ಲಿ ಡ್ಯುರಾಂಟ್, ಇರ್ವಿಂಗ್, ಹಾರ್ಡನ್ ಮೂವರೂ ಒಟ್ಟಿಗೆ ಆಡಿದ್ದು ಪ್ಲೇಆಫ್ ಸೇರಿಸಿಯೂ ಬರೀ 16 ಪಂದ್ಯ. 2021ರ ಜೂನ್ 20, ಭಾನುವಾರ, ಶಾಲೆಗಳು ಮುಚ್ಚಿದ್ದ ಕಾಲ. ಮಿಲ್ವಾಕಿ ವಿರುದ್ಧ ಏಳನೇ ಪಂದ್ಯ. ಕೊನೆಯ ಸೆಕೆಂಡುಗಳಲ್ಲಿ ಡ್ಯುರಾಂಟ್ ತಿರುಗಿ ಹೊಡೆದ, ಚೆಂಡು ಒಳಗೆ ಬಿತ್ತು. ಅಷ್ಟು ಹೊತ್ತಿಗೆ ನಮ್ಮ ಇಂಟರ್‌ನೆಟ್ ಹೋಯ್ತು. ಅದು ಬರುವಷ್ಟರಲ್ಲಿ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿತ್ತು. ಕಾಲಿನ ತುದಿ ಗೆರೆಯ ಮೇಲಿತ್ತಂತೆ, ಮೂರರ ಬದಲು ಎರಡೇ ಪಾಯಿಂಟ್. ಅವನು 48 ಹೊಡೆದರೂ ಮಿಲ್ವಾಕಿ ಗೆದ್ದು, ಮುಂದೆ ಕಪ್ ಕೂಡ ಎತ್ತಿತು. ಫೀನಿಕ್ಸ್ ಕಥೆ ಬೇಡ. ಡ್ಯುರಾಂಟ್, ಬುಕರ್, ಬೀಲ್ ಇದ್ದೂ 2025ರಲ್ಲಿ 36 ಗೆದ್ದು 46 ಸೋತರು.

2019ರಿಂದ 2025ರವರೆಗೆ ಏಳು ವರ್ಷ, ಏಳು ಬೇರೆ ಬೇರೆ ಚಾಂಪಿಯನ್. ಎನ್‌ಬಿಎ ಇತಿಹಾಸದಲ್ಲಿ ಹೀಗೆ ಆಗಿದ್ದು ಇದೇ ಮೊದಲು. ಲೀಗ್ ಮತ್ತು ಆಟಗಾರರ ನಡುವಿನ 2023ರ ಹೊಸ ಒಪ್ಪಂದವಂತೂ ತಂಡದ ಖರ್ಚಿಗೆ ಎರಡನೇ ಗೆರೆ ಎಳೆದಿದೆ. ಅದನ್ನು ದಾಟಿದ ತಂಡ ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡವನನ್ನು ತರುವ ಹಾಗಿಲ್ಲ. ಒಳ್ಳೆಯದೇ. ಆದರೆ 2024ರಲ್ಲಿ ಗೆದ್ದ ಬೋಸ್ಟನ್ ಮರುವರ್ಷವೇ ಖರ್ಚು ಇಳಿಸಲು ಹಾಲಿಡೇ, ಪೋರ್ಜಿಂಗಿಸ್ ಇಬ್ಬರನ್ನೂ ಬಿಟ್ಟುಕೊಡಬೇಕಾಯಿತು. ಚೆನ್ನಾಗಿ ಕಟ್ಟಿದ ತಂಡವೂ ಹೀಗೆ ಬಿಚ್ಚಿ ಹೋದರೆ ನನಗೆ ಸಂಕಟ.

2025ರಲ್ಲಿ ಓಕ್ಲಹೋಮ 68 ಗೆದ್ದಿತು. ಅದೂ ದೈತ್ಯ ತಂಡವೇ. ಆದರೆ ಜೇಲನ್ ವಿಲಿಯಮ್ಸ್, ಹೋಮ್‌ಗ್ರೆನ್ ಹುಡುಗರಿದ್ದಾಗಲೇ ತಂಡ ಆರಿಸಿ ಬೆಳೆಸಿದವರು, ಗಿಲ್ಜಸ್-ಅಲೆಕ್ಸಾಂಡರ್ ಎಳೆಯವನಿದ್ದಾಗಲೇ ಬಂದವನು. ಮೇಲೇರುವುದನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಿದ್ದೆ, ಹಾಗಾಗಿ ಬೇಜಾರಾಗಲಿಲ್ಲ. ಫೈನಲ್ಸ್‌ನಲ್ಲಿ ಎದುರಿಗಿದ್ದ ಇಂಡಿಯಾನಾ ಮೊದಲ ಪಂದ್ಯವನ್ನು 0.3 ಸೆಕೆಂಡ್ ಇರುವಾಗ ಹ್ಯಾಲಿಬರ್ಟನ್ ಹೊಡೆತದಿಂದ ಗೆದ್ದಿತ್ತು. ಸರಣಿ ಏಳನೇ ಪಂದ್ಯಕ್ಕೆ ಬಂತು. ಹ್ಯಾಲಿಬರ್ಟನ್ ಮೊದಲ ಕ್ವಾರ್ಟರ್‌ನಲ್ಲೇ ಮೂರು ಸಲ ಮೂರು ಪಾಯಿಂಟ್ ಹಾಕಿ, ಕಾಲು ಹಿಡಿದು ಕುಸಿದು, ನೆಲಕ್ಕೆ ಕೈ ಬಡಿದ. ನನಗೆ ಕಣ್ಣಲ್ಲಿ ನೀರು ಬಂತು. ಇಂಡಿಯಾನಾ ಸೋತಿತು. ಅವನಿದ್ದಿದ್ದರೆ ಏನಾಗುತ್ತಿತ್ತು ಅಂತ ಇಡೀ ವಾರ ಯೋಚಿಸಿದೆ.

ತೆಗೆದುಕೊಳ್ಳಬೇಕಾ ಅಂತ ಕೇಳುವವರಿಗೆ: ಫೈನಲ್ಸ್ ಮಾತ್ರ ನೋಡುವ ಆಸೆಯಿದ್ದರೆ ಇಡೀ ವರ್ಷದ ಪಾಸ್ ಬೇಡ. ಡಿಸೆಂಬರ್, ಜನವರಿ ಚಳಿಯಲ್ಲಿ ಯಾರೂ ಮಾತಾಡದ ಎರಡು ಸಣ್ಣ ತಂಡಗಳ ಪಂದ್ಯ ನೋಡುವ ತಾಳ್ಮೆ ಇದ್ದರೆ ಖಂಡಿತ ತೆಗೆದುಕೊಳ್ಳಿ. ಶಾರ್ಲಟ್ ತಂಡದಿಂದ ಶುರು ಮಾಡಿ. ನಾನು ಈ ಸಲವೂ ಕಟ್ಟಿದ್ದೇನೆ.