21 ಇಂಚಿನ ಪಿಕ್ಚರ್ ಟ್ಯೂಬ್ ಟಿವಿ: ಎರಡು ದಶಕಗಳ ಬಳಕೆಯ ನಂತರ

2004ರ ದೀಪಾವಳಿಗೆ ತೀರ್ಥಹಳ್ಳಿಯಲ್ಲಿ ಕೊಂಡ ಈ ಟಿವಿಯನ್ನು ನಮ್ಮ ಮನೆಯಲ್ಲಿ ಇಂದಿಗೂ ದಿನಕ್ಕೆ ಎರಡು ಮೂರು ಗಂಟೆ ನೋಡುತ್ತೇವೆ. ಹೊಸದನ್ನು ಕೊಳ್ಳಲಾಗದ ಸ್ಥಿತಿಯೇನೂ ಇಲ್ಲ; ಚೆನ್ನಾಗಿ ನಡೆಯುತ್ತಿರುವ ವಸ್ತುವನ್ನು ಹೊರಹಾಕಲು ಮನಸ್ಸು ಒಪ್ಪಿಲ್ಲ.

ಡಿಡಿ ಫ್ರೀ ಡಿಶ್‌ನ ಸೆಟ್ ಟಾಪ್ ಬಾಕ್ಸ್‌ಗೆ ಮೂರು ಬಣ್ಣದ ಎವಿ ಕೇಬಲ್‌ನಿಂದ ಇದನ್ನು ಜೋಡಿಸಿದ್ದೇವೆ. ತಿಂಗಳ ಬಾಡಿಗೆಯ ಗೊಡವೆಯಿಲ್ಲ. ಚಂದನ ವಾಹಿನಿಯ ಚಿತ್ರ ನಮ್ಮಲ್ಲಿ ಹದವಾಗಿ, ತುಂಬಿದ ಬಣ್ಣಗಳಲ್ಲಿ ಮೂಡುತ್ತದೆ. ಅದೇ ಪ್ರಸಾರ ತಮ್ಮನ ಮನೆಯ 43 ಇಂಚಿನ ಪರದೆಯಲ್ಲಿ ಮಸುಕಾಗಿ ಕಾಣುವುದಕ್ಕೆ ಕಾರಣವಿದೆ: ಸಾಧಾರಣ ಗುಣಮಟ್ಟದ ಪ್ರಸಾರದಲ್ಲಿ ಚಿತ್ರ ಮೂಡುವುದು 576 ಅಡ್ಡ ಗೆರೆಗಳಿಂದ, ಹಳೆಯ ಟ್ಯೂಬ್ ರೂಪುಗೊಂಡದ್ದೇ ಆ ಅಳತೆಗೆ, ದೊಡ್ಡ ಪರದೆಯಾದರೋ ಅಷ್ಟನ್ನೇ ಹಿಗ್ಗಿಸಿ ತೋರಿಸಬೇಕಾಗುತ್ತದೆ.

ನಿಜವಾದ ಕೊರತೆ ಪರದೆಯ ಆಕಾರದ್ದು. ಇಂದಿನ ಕಾರ್ಯಕ್ರಮಗಳು 16:9ರ ಅಗಲದವು, ನಮ್ಮ ಪರದೆ 4:3ರದು. ಪೂರ್ತಿ ಚಿತ್ರ ಬೇಕೆಂದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಪರದೆಯ ಮುಕ್ಕಾಲು ಎತ್ತರವಷ್ಟೇ ಉಳಿಯುತ್ತದೆ. ಪರದೆ ತುಂಬಿಸಿದರೆ ಪಕ್ಕದಲ್ಲಿರುವ ಕ್ರಿಕೆಟ್ ಸ್ಕೋರ್ ಕತ್ತರಿಸಿಹೋಗುತ್ತದೆ. ವಯಸ್ಸಾದ ಅಪ್ಪನಿಗೆ ವಾರ್ತೆಯ ಸಣ್ಣ ಅಕ್ಷರಗಳನ್ನು ಓದುವುದು ಕಷ್ಟವಾಗಿದೆ, ಮತ್ತು ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ.

ರಿಪೇರಿ ಎರಡು ಬಾರಿ ಆಗಿದೆ. ಒಮ್ಮೆ ಮುಂಗಾರಿನ ಮೊದಲ ಸಿಡಿಲಿಗೆ ಪವರ್ ಸಪ್ಲೈ ಸುಟ್ಟಿತು, ಇನ್ನೊಮ್ಮೆ ಟ್ಯೂಬ್‌ಗೆ ಹೆಚ್ಚಿನ ವೋಲ್ಟೇಜ್ ಒದಗಿಸುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಕೆಟ್ಟಿತು. ಪೇಟೆಯ ಮೆಕ್ಯಾನಿಕ್ ಕೆಟ್ಟ ಭಾಗವನ್ನಷ್ಟೇ ಬದಲಿಸಿ ಕೊಟ್ಟರು. ತಮ್ಮನ ಮನೆಯ ಮೊದಲ ಎಲ್‌ಇಡಿ ಟಿವಿಯ ಪ್ಯಾನಲ್ ನಾಲ್ಕನೇ ವರ್ಷಕ್ಕೆ ಹೋದಾಗ, ಅದನ್ನು ಬದಲಿಸುವ ಖರ್ಚು ಹೊಸ ಟಿವಿಯ ಬೆಲೆಗೆ ಸಮೀಪವಿತ್ತು. ಆದರೆ ಹಳೆಯ ಟಿವಿ ಬಿಚ್ಚಬಲ್ಲ ಕೈಗಳು ಈಗ ವಿರಳ. ಸ್ವತಃ ಬಿಚ್ಚುವ ಸಾಹಸವನ್ನಂತೂ ಯಾರೂ ಮಾಡಬಾರದು: ಬಣ್ಣದ ಟ್ಯೂಬ್‌ಗೆ ಇಪ್ಪತ್ತು ಸಾವಿರ ವೋಲ್ಟ್‌ಗೂ ಮೀರಿದ ವಿದ್ಯುತ್ ಬೇಕು, ಸ್ವಿಚ್ ಆರಿಸಿದ ಮೇಲೂ ಅದರ ಅಂಶ ಒಳಗೆ ಉಳಿದಿರಬಹುದು.

ಕಳೆದ ವರ್ಷದಿಂದ ಟ್ಯೂಬಿನ ಹೊಳಪು ತುಸು ಇಳಿದಿದೆ. ಅದು ಪೂರ್ತಿ ಕುಂದಿದ ದಿನ ಈ ಟಿವಿ ಗುಜರಿಯವರ ತಕ್ಕಡಿಗೆ ಹೋಗುವುದಿಲ್ಲ. ಟ್ಯೂಬಿನ ಗಾಜಿನಲ್ಲಿ ಸೀಸವಿರುವುದರಿಂದ, ಪರವಾನಗಿ ಪಡೆದ ಇ-ತ್ಯಾಜ್ಯ ಸಂಗ್ರಹಕಾರರಿಗೇ ಅದನ್ನು ಒಪ್ಪಿಸುವೆನು.